ಪ್ಲಮ್ ಟೊಮೆಟೊ ಕಾಯಿ ತುದಿ ಕಪ್ಪಾಗ್ತಿದೆ, ಹೂವು ಉದುರ್ತಿದೆ. ತಾರಸಿಯಲ್ಲಿ ಬೆಳೆದವರು ಹೇಳಿ

ಬನಶಂಕರಿ ತಾರಸಿ:
ಎಲ್ಲರಿಗೂ ನಮಸ್ಕಾರ. ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆ, ಮೂರನೇ ಮಹಡಿ ಮೇಲೆ ತೆರೆದ ತಾರಸಿ. ಜನವರಿ ಕೊನೇಲಿ ರೋಮಾ ಅನ್ನೋ ಪ್ಲಮ್ ಟೊಮೆಟೊ ತಳಿಯ ಬೀಜ ಹಾಕಿದ್ದೆ. ಗಿಡ ಸೊಂಟದೆತ್ತರ ಬಂದಿದೆ, ಎಲೆ ಕಡು ಹಸಿರು. ಆದ್ರೆ ಕಾಯಿ ನಿಂಬೆಹಣ್ಣಿನ ಗಾತ್ರ ಆಗ್ತಿದ್ದ ಹಾಗೆ ಕೆಳತುದಿ ಮೊದಲು ನೀರು ನೀರಾಗಿ ಕಾಣತ್ತೆ, ಆಮೇಲೆ ಕಂದು, ಆಮೇಲೆ ಕಪ್ಪಗೆ ಚಪ್ಪಟೆಯಾಗಿ ಒಳಕ್ಕೆ ಕುಸಿದುಕೊಳ್ಳತ್ತೆ. ಕತ್ತರಿಸಿ ನೋಡಿದೆ, ಒಳಗೆ ಹುಳ ಇಲ್ಲ. ಪಕ್ಕದಲ್ಲೇ ಇರೋ ನಾಟಿ ಟೊಮೆಟೊ ಗಿಡದ ಕಾಯಿಗೆ ಏನೂ ಆಗಿಲ್ಲ. ಇದು ಸಾಲದು ಅಂತ ಈ ವಾರ ರೋಮಾ ಗಿಡದ ಹೂವು ತೊಟ್ಟಿನ ಸಮೇತ ಉದುರ್ತಿವೆ.

12 ಇಂಚಿನ ಗ್ರೋ ಬ್ಯಾಗು. ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಉಳಿದರ್ಧ ಕೆಂಪು ಮಣ್ಣು ಮತ್ತೆ ಎರೆಗೊಬ್ಬರ. ಕಡಲೆಕಾಯಿ ಹಿಂಡಿ ನೆನೆಸಿದ ನೀರು ವಾರಕ್ಕೊಂದು ಸಲ ಕೊಡ್ತೀನಿ. ನೀರು ದಿನಾ ಸಂಜೆ. ನರ್ಸರಿಯವರು ಕ್ಯಾಲ್ಸಿಯಂ ಕಮ್ಮಿ ಆಗಿದೆ ಅಂತ ಒಂದು ಬಾಟಲಿ ಕೊಟ್ಟರು, ಎಲೆಗೆ ಸಿಂಪಡಿಸಿದೆ, ಏನೂ ಫರಕ್ ಕಾಣ್ಲಿಲ್ಲ. ನಮ್ಮತ್ತೆ ಕಿತ್ತುಹಾಕಿ ಬೆಂಡೆ ಹಾಕು ಅಂತಿದ್ದಾರೆ. ನನಗೆ ಮನಸ್ಸಿಲ್ಲ. ತೊಕ್ಕಿಗೆ ಈ ಟೊಮೆಟೊಗಿಂತ ಒಳ್ಳೇದು ಇನ್ನೊಂದಿಲ್ಲ: ನೀರು ಕಮ್ಮಿ, ತಿರುಳು ಜಾಸ್ತಿ, ಒಲೆ ಮುಂದೆ ನಿಲ್ಲೋ ಹೊತ್ತು ಅರ್ಧಕ್ಕರ್ಧ ಉಳಿಯತ್ತೆ. ಏನು ಮಾಡ್ಲಿ?

ಅಜ್ಜಿ ಕೈತೋಟ:
ಮೊಟ್ಟೆ ಚಿಪ್ಪು ಕುಟ್ಟಿ ಬುಡಕ್ಕೆ ಹಾಕಮ್ಮ. ಎಲೆ ಅಡಿಕೆ ಸುಣ್ಣ ಕಡಲೆಕಾಳಿನಷ್ಟು ತಗೊಂಡು ಒಂದು ಚೊಂಬು ನೀರಲ್ಲಿ ಕದಡಿ, ತಿಳಿ ಬಸಿದು ಹಾಕಿದ್ರೂ ಆಗತ್ತೆ. ನಾವು ಹಿಂದಿನಿಂದ ಮಾಡ್ಕೊಂಡು ಬಂದಿರೋದು ಇದೇ.

ಬಾಲ್ಕನಿ ಬೇಸಾಯ:
ನಮ್ಮನೇಲಿ ಮೊಟ್ಟೆ ತರಲ್ಲ. ಸೀಮೆಸುಣ್ಣ ಪುಡಿ ಮಾಡಿ ಹಾಕಬಹುದಾ?

ಕೆಂಪು ಮಣ್ಣು:
ಮೊಟ್ಟೆ ಚಿಪ್ಪು, ಸೀಮೆಸುಣ್ಣ, ಬಾಟಲಿ ಎಲ್ಲ ಸ್ವಲ್ಪ ಪಕ್ಕಕ್ಕಿಡಿ.

ಕಾಯಿಗೆ ಕ್ಯಾಲ್ಸಿಯಂ ಸಿಕ್ತಿಲ್ಲ ಅನ್ನೋದು ನಿಜ. ಮಣ್ಣಲ್ಲಿ ಇಲ್ಲ ಅನ್ನೋದು ಬಹುಪಾಲು ಸುಳ್ಳು. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆ ಮಾತ್ರ ಹೋಗತ್ತೆ, ಎಲೆಯಿಂದ ಎಷ್ಟು ನೀರು ಆವಿ ಆಗತ್ತೋ ಅಷ್ಟು ಮೇಲಕ್ಕೆ ಎಳೆಯತ್ತೆ. ಕಾಯಿಯಿಂದ ಆವಿ ಆಗೋದು ತೀರ ಕಮ್ಮಿ, ಹಾಗಾಗಿ ಬಿಸಿಲಲ್ಲಿ ನೀರಿಗೆ ಪೈಪೋಟಿ ಬಿದ್ದಾಗ ಎಲೆ ಗೆಲ್ಲತ್ತೆ, ಕಾಯಿ ಸೋಲತ್ತೆ. ಕಾಯಿಯಲ್ಲೂ ತೊಟ್ಟಿಂದ ಅತಿ ದೂರ ಇರೋದು ಕೆಳತುದಿ, ಅಲ್ಲಿಗೆ ಹೋಗೋ ನೀರಿನ ನಾಳಗಳೂ ಕಮ್ಮಿ. ಉದ್ದ ಕಾಯಿ ಆದಷ್ಟೂ ಈ ತೊಂದರೆ ಜಾಸ್ತಿ. ಅದಕ್ಕೇ ನಿಮ್ಮ ನಾಟಿ ಗಿಡ ಅದೇ ಬಿಸಿಲಲ್ಲಿ ಚೆನ್ನಾಗಿದೆ, ರೋಮಾಗೆ ಬಡಿದಿದೆ.

ಎಲೆಗೆ ಸಿಂಪಡಿಸಿದ ಕ್ಯಾಲ್ಸಿಯಂ ಎಲೆಯಲ್ಲೇ ಉಳಿಯತ್ತೆ, ಅಲ್ಲಿಂದ ಕಾಯಿಗೆ ಇಳಿಯಲ್ಲ. ಚಿಪ್ಪು ಮಣ್ಣಲ್ಲಿ ಕರಗೋಕೆ ತಿಂಗಳುಗಟ್ಟಲೆ ಬೇಕು, ಈ ಬೆಳೆ ಅಷ್ಟರಲ್ಲಿ ಮುಗಿದಿರತ್ತೆ.

ನಾನು ನಿಮ್ಮ ಪೋಸ್ಟಲ್ಲಿ ನೋಡೋದು ಮೂರು. ಬ್ಯಾಗು ಚಿಕ್ಕದು. ಏಪ್ರಿಲ್ ಬಿಸಿಲಿಗೆ ದಿನಕ್ಕೊಂದೇ ನೀರು, ಅದೂ ಸಂಜೆ, ಅಂದ್ರೆ ಗಿಡಕ್ಕೆ ಅತಿ ಹೆಚ್ಚು ನೀರು ಬೇಕಾದ ಮಧ್ಯಾಹ್ನದ ಹೊತ್ತಿಗೆ ಬುಡ ಒಣಗಿರತ್ತೆ. ಮೂರನೇದು ಕಡಲೆಕಾಯಿ ಹಿಂಡಿ. ಎಲೆ ಕಡು ಹಸಿರು ಅಂದ್ರಲ್ಲ, ಅದು ಸಾರಜನಕ ಜಾಸ್ತಿ ಆಗಿರೋ ಗುರುತು. ಹಿಂಡಿ ಕೊಳೆತಾಗ ಬರೋ ಅಮೋನಿಯಂ ಬೇರಿನ ಹತ್ತಿರ ಕ್ಯಾಲ್ಸಿಯಂಗೆ ಅಡ್ಡ ಬರತ್ತೆ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಒಂದು ಬ್ಯಾಗಿಗೆ ನೀರು ಹಾಕಿ, ಕೆಳಗಿನ ತೂತಿಂದ ಎಷ್ಟು ಬೇಗ ಹೊರಗೆ ಬರತ್ತೆ ನೋಡಿ. ಆಮೇಲೆ ನಡುವಲ್ಲಿ ಬೆರಳು ಪೂರ್ತಿ ಇಳಿಸಿ ಹೇಳಿ.

ಅಜ್ಜಿ ಕೈತೋಟ:
ನಮ್ಮ ಹಿತ್ತಲಲ್ಲಿ ಸುಣ್ಣದ ತಿಳಿ ಹಾಕಿದ ಮೇಲೆ ನಿಂತಿದ್ದು ನಾನೇ ಕಣ್ಣಾರೆ ಕಂಡಿದ್ದೀನಿ. ಎಲ್ಲದಕ್ಕೂ ಪುಸ್ತಕ ಬೇಡ.

ಕೆಂಪು ಮಣ್ಣು:
ಅಮ್ಮ, ನೀವು ಕಂಡಿದ್ದು ಸುಳ್ಳಲ್ಲ. ಈ ತೊಂದರೆ ಹೆಚ್ಚಾಗಿ ಮೊದಲ ಗೊಂಚಲಿಗೆ ಬರತ್ತೆ, ಬೇರು ಹರಡಿದ ಮೇಲೆ ಎಷ್ಟೋ ಸಲ ತಾನಾಗೇ ನಿಲ್ಲತ್ತೆ. ಆ ಹೊತ್ತಿಗೆ ನಾವು ಏನು ಹಾಕಿರ್ತೀವೋ ಅದಕ್ಕೆ ಹೆಸರು ಬರತ್ತೆ. ಸುಣ್ಣದ ತಿಳಿ ಹಾಕಿದ್ರೂ ಹಿತ್ತಲ ನೆಲ ತಡೆದುಕೊಳ್ಳತ್ತೆ, ನೆಲ ದೊಡ್ಡದು. ಬ್ಯಾಗಲ್ಲಿ ಹಾಕಿದ್ರೆ ಮಣ್ಣು ಕ್ಷಾರ ಆಗಿ ಕಬ್ಬಿಣದ ಅಂಶ ಸಿಗದೆ ಎಳೆ ಎಲೆ ಹಳದಿಗೆ ತಿರುಗತ್ತೆ. ನಮ್ಮ ಬೋರ್‌ವೆಲ್ ನೀರಲ್ಲಿ ಸುಣ್ಣ ಮೊದಲೇ ಬೇಕಾದಷ್ಟಿದೆ.

ಕೋಲಾರದ ಹುಡುಗ:
ಅಕ್ಕ, ನಮ್ಮದು ಶ್ರೀನಿವಾಸಪುರದ ಕಡೆ, ಮನೇಲಿ ಟೊಮೆಟೊನೇ ಬೆಳೆ, ನಾನು ಇಲ್ಲಿ ಕೆಲಸಕ್ಕಿರೋದು. ನಮ್ಮಪ್ಪ ಕಾಯಿ ಕಟ್ಟೋ ಹೊತ್ತಿಗೆ ಡ್ರಿಪ್‌ನಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಬಿಟ್ಟೇ ಬಿಡ್ತಾರೆ. ಕೆಂಪು ಮಣ್ಣು ಸರ್ ಹೇಳೋ ಹಾಗೆ ಮಣ್ಣಲ್ಲಿ ಯಾವಾಗಲೂ ಇರತ್ತೆ ಅನ್ನೋದನ್ನ ನಾನು ಒಪ್ಪಲ್ಲ. ನಮ್ಮ ಕಡೆ ಮರಳು ಮಿಶ್ರಿತ ಕೆಂಪು ನೆಲದಲ್ಲಿ ಕಮ್ಮಿ ಆಗತ್ತೆ. ಅದೂ ಅಲ್ಲದೆ ಅರ್ಧ ಕೋಕೋಪೀಟ್ ಅಂದ್ರೆ ಅದರಲ್ಲಿ ಏನಿದೆ? ಬರೀ ನಾರು.

ಕೆಂಪು ಮಣ್ಣು:
ನೀವು ಹೇಳಿದ್ರಲ್ಲಿ ಎರಡು ಮಾತು ಸರಿ ಇದೆ. ಬೇರಿಗೆ ಕೊಟ್ಟರೆ ಕೆಲಸ ಮಾಡತ್ತೆ, ಎಲೆಗೆ ಕೊಟ್ಟರೆ ಇಲ್ಲ. ಕೋಕೋಪೀಟ್ ಬಗ್ಗೆಯೂ ಸರಿ: ಸರಿಯಾಗಿ ತೊಳೆದು ಹದ ಮಾಡದ ಕೋಕೋಪೀಟ್‌ನಲ್ಲಿ ಸೋಡಿಯಂ, ಪೊಟ್ಯಾಸಿಯಂ ಜಾಸ್ತಿ ಇರತ್ತೆ, ಕೊಟ್ಟ ಕ್ಯಾಲ್ಸಿಯಂ ಅನ್ನು ಅದೇ ಹಿಡಿದಿಟ್ಟುಕೊಳ್ಳತ್ತೆ. ಆದ್ರೆ ನಿಮ್ಮಪ್ಪನವರಿಗೆ ಗೊಬ್ಬರದ ಜೊತೆ ಡ್ರಿಪ್ ಇದೆ. ನೀರು ಒಂದೇ ಸಮ ಸಿಗ್ತಿರೋದ್ರಿಂದ ಆ ಕ್ಯಾಲ್ಸಿಯಂ ಕಾಯಿಗೆ ಮುಟ್ಟತ್ತೆ. ಒಂದು ದಿನ ಒಣಗಿಸಿ ಒಂದು ದಿನ ತುಂಬಿಸಿದ್ರೆ ಮೂಟೆಗಟ್ಟಲೆ ಬಿಟ್ಟರೂ ಪ್ರಯೋಜನ ಇಲ್ಲ.

ಕೋಲಾರದ ಹುಡುಗ:
ಅದು ಹೌದು ಅಣ್ಣ. ಕರೆಂಟ್ ಕೈಕೊಟ್ಟು ಮೋಟರ್ ಓಡದೆ ಇದ್ದ ವಾರ ನಮ್ಮಲ್ಲೂ ತುದಿ ಕೊಳೆ ಬಂದಿತ್ತು, ಕ್ಯಾಲ್ಸಿಯಂ ಬಿಟ್ಟಿದ್ರೂ.

ಸೊಪ್ಪಿನ ಸಾರು:
ರೋಮಾ ಯಾಕೆ ಬೇಕು ಅಂತ ನನಗೆ ಅರ್ಥ ಆಗಲ್ಲ. ಸಾರಿಗೆ ಹಾಕಿದ್ರೆ ಹುಳಿನೇ ಇಳಿಯಲ್ಲ. ನಾಟಿ ಟೊಮೆಟೊ ಎರಡು ಹಿಸುಕಿದ್ರೆ ಸಾಕು, ಹುಣಸೆಹಣ್ಣೂ ಬೇಡ.

ಬನಶಂಕರಿ ತಾರಸಿ:
ಸಾರಿಗೆ ನಾಟಿನೇ, ಅದಕ್ಕೇ ಒಂದು ಗಿಡ ಅದೂ ಇಟ್ಟಿದ್ದೀನಿ. ತೊಕ್ಕು, ಗೊಜ್ಜು, ಟೊಮೆಟೊ ಬಾತ್‌ಗೆ ರೋಮಾ ನೋಡಿ. ಕತ್ತರಿಸಿದ್ರೆ ಒಳಗೆ ಎರಡೋ ಮೂರೋ ಕೋಣೆ, ಬೀಜದ ಲೋಳೆ ಕಮ್ಮಿ, ಗೋಡೆ ದಪ್ಪ. ಬಾತಲ್ಲಿ ಅಕ್ಕಿ ಮುದ್ದೆ ಆಗಲ್ಲ.

ಸೊಪ್ಪಿನ ಸಾರು:
ಆ ದಪ್ಪ ಗೋಡೆ ಅಂಗಡಿಯ ಫಾರಂ ಟೊಮೆಟೊದಲ್ಲೂ ಇರತ್ತಲ್ಲ. ಕೆಜಿಗಟ್ಟಲೆ ಸಿಗತ್ತೆ. ಅದರ ಬೀಜಾನೇ ಹಾಕಿ.

ಹೆಸರಘಟ್ಟ ರಸ್ತೆ:
ಅಂಗಡಿ ಟೊಮೆಟೊ ಬಹುತೇಕ ಹೈಬ್ರಿಡ್. ಬೀಜ ಹಾಕಿದ್ರೆ ಗಿಡ ಬರತ್ತೆ, ಆದ್ರೆ ತಾಯಿಯ ಗುಣ ಒಂದೊಂದು ಗಿಡದಲ್ಲಿ ಒಂದೊಂದು ಥರ ಒಡೆದುಹೋಗತ್ತೆ. ಒಂದು ಉದ್ದ, ಒಂದು ಗುಂಡು, ರೋಗ ತಡೆಯೋ ಶಕ್ತಿ ಯಾವುದಕ್ಕೆ ಬಂತೋ ಗೊತ್ತಾಗಲ್ಲ. ಜೊತೆಗೆ ಆ ತಳಿಗಳನ್ನ ಆರಿಸಿರೋದು ಲಾರಿಯಲ್ಲಿ ದೂರ ಹೋದರೂ ಒಡೆಯಬಾರದು ಅಂತ. ಸಿಪ್ಪೆ ಗಟ್ಟಿ, ಹಸಿರು ಇರುವಾಗಲೇ ಕೊಯ್ದಿರ್ತಾರೆ. ಗಿಡದಲ್ಲೇ ಕೆಂಪಾದ ಪ್ಲಮ್ ಟೊಮೆಟೊದ ರುಚಿ ಬೇರೆನೇ.

ರೋಮಾ ಹೈಬ್ರಿಡ್ ಅಲ್ಲ, 1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯವರು ಬೆಲ್ಟ್ಸ್‌ವಿಲ್‌ನಲ್ಲಿ ಅಭಿವೃದ್ಧಿ ಮಾಡಿದ ತಳಿ. ಈಗ ಸಿಗೋ ರೋಮಾ ವಿಎಫ್‌ನಲ್ಲಿ ಆ ಎರಡು ಅಕ್ಷರ ವರ್ಟಿಸಿಲಿಯಂ, ಫ್ಯುಸೇರಿಯಂ ಅನ್ನೋ ಎರಡು ಶಿಲೀಂಧ್ರ ಸೊರಗು ರೋಗಕ್ಕೆ ತಡೆ ಇದೆ ಅನ್ನೋದಕ್ಕೆ. ಆದ್ರೆ ಬೆಂಗಳೂರಲ್ಲಿ ನಿಜವಾಗಿ ಕಾಡೋ ಎರಡು ರೋಗಕ್ಕೆ ಅದರಲ್ಲಿ ತಡೆ ಇಲ್ಲ: ಬಿಳಿ ನೊಣದಿಂದ ಹರಡೋ ಎಲೆ ಮುಟುರು ರೋಗ ಮತ್ತೆ ದುಂಡಾಣು ಸೊರಗು ರೋಗ. ಮುಟುರು ರೋಗದ ಒಂದು ವೈರಸ್‌ಗೆ ನಮ್ಮ ಊರಿನ ಹೆಸರೇ ಇದೆ, ಟೊಮೆಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್ ಅಂತ. ಹಾಗಾಗಿ ಬೀಜದ ಪ್ಯಾಕೆಟ್ ಮೇಲೆ ರೋಗ ನಿರೋಧಕ ಅಂತ ಬರೆದಿದ್ರೆ ಯಾವ ರೋಗಕ್ಕೆ ಅಂತ ಓದಿ.

ಬಾಲ್ಕನಿ ಬೇಸಾಯ:
ಸರ್ ಹಾಗಾದ್ರೆ ನಮ್ಮ ಊರಿಗೆ ಯಾವ ತಳಿ ಒಳ್ಳೇದು?

ಹೆಸರಘಟ್ಟ ರಸ್ತೆ:
ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಎಲೆ ಮುಟುರು, ದುಂಡಾಣು ಸೊರಗು, ಎಲೆ ಚುಕ್ಕೆಯ ಅಂಗಮಾರಿ, ಮೂರಕ್ಕೂ ತಡೆ. ಅದು ಎಫ್1 ಹೈಬ್ರಿಡ್, ಪ್ರತಿ ಸಲ ಬೀಜ ತಗೋಬೇಕು. ಬೀಜ ಉಳಿಸ್ಕೋಬೇಕು ಅನ್ನೋರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ನಂದಿ, ವೈಭವ್, ಸಂಕ್ರಾಂತಿ ಇವೆ. ಅವನ್ನ ಮುಟುರು ರೋಗ ತಡೆಯೋಕೆ ಅಂತಲೇ ತಂದಿದ್ದು. ಆ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯೋ ಕೃಷಿ ಮೇಳಕ್ಕೆ ಹೋದ್ರೆ ಬೀಜದ ಮಳಿಗೆಯಲ್ಲಿ ವಿಚಾರಿಸಿ.

ರೋಮಾನೇ ಬೇಕು ಅನ್ನೋರು ಜಾಗ ಬಿಟ್ಟು ಹಾಕಿ, ಮುದುಡಿದ ಗಿಡ ಕಂಡ ದಿನವೇ ಕಿತ್ತು ಕವರಲ್ಲಿ ಕಟ್ಟಿ ಆಚೆ ಹಾಕಿ. ಆ ರೋಗಕ್ಕೆ ಔಷಧಿ ಇಲ್ಲ.

ಬನಶಂಕರಿ ತಾರಸಿ:
ಕೆಂಪು ಮಣ್ಣು ಸರ್, ಬೆಳಿಗ್ಗೆ ನೋಡಿದೆ. ನೀವು ಕೇಳಿದ್ದು ಒಳ್ಳೇದಾಯ್ತು. ನೀರು ಹಾಕಿ ಎಣಿಸೋಕೆ ಶುರು ಮಾಡೋಷ್ಟರಲ್ಲಿ ಕೆಳಗಿಂದ ಹರಿದುಬಂತು. ಬ್ಯಾಗಿನ ಅಂಚು ನೋಡಿದ್ರೆ ಮಣ್ಣು ಕುಗ್ಗಿ ಬದಿಯಿಂದ ಬಿಟ್ಟುಕೊಂಡಿದೆ, ಕಿರುಬೆರಳು ತೂರೋಷ್ಟು ಸಂದು. ಹಾಕಿದ ನೀರೆಲ್ಲ ಆ ಸಂದಿಯಲ್ಲೇ ಇಳಿದು ಹೋಗ್ತಿದೆ. ತೀರ ಹಾಳಾಗಿದ್ದ ಒಂದು ಗಿಡ ಕಿತ್ತು ಹೆಂಟೆ ಒಡೆದೆ. ಹೊರಗೆ ಒದ್ದೆ, ನಡುವೆ ಕೋಕೋಪೀಟ್ ಬೆಂಕಿಪೆಟ್ಟಿಗೆ ರಟ್ಟಿನ ಬಣ್ಣಕ್ಕೆ ತಿರುಗಿ ಪುಡಿ ಪುಡಿ ಉದುರ್ತಿತ್ತು. ಬೇರೆಲ್ಲ ಬದಿಗೆ ಅಂಟಿಕೊಂಡು ಸುತ್ತ ಸುತ್ತಿವೆ, ನಡುವೆ ಒಂದೂ ಇಲ್ಲ.

ಕೆಂಪು ಮಣ್ಣು:
ಇದೇ ರೋಗದ ಮೂಲ. ಕೋಕೋಪೀಟ್ ಒಂದು ಸಲ ಪೂರ್ತಿ ಒಣಗಿದ್ರೆ ಕುಗ್ಗಿ ಬದಿ ಬಿಡತ್ತೆ, ಆಮೇಲೆ ಮೇಲಿಂದ ಹಾಕಿದ ನೀರು ಒಳಗೆ ಇಳಿಯೋಕೆ ಹೊತ್ತು ಬೇಕು. ಉಳಿದ ಬ್ಯಾಗುಗಳನ್ನ ಒಂದೊಂದಾಗಿ ದೊಡ್ಡ ಟಬ್‌ನಲ್ಲಿ ಇಟ್ಟು ಕೆಳಗಿಂದ ನೀರು ಕುಡಿಸಿ, ಅರ್ಧ ಗಂಟೆ ಬಿಡಿ. ಎತ್ತಿದಾಗ ಭಾರದಲ್ಲೇ ಗೊತ್ತಾಗತ್ತೆ. ಬದಿಯ ಸಂದಿಗೆ ಕೆಂಪು ಮಣ್ಣು, ಗೊಬ್ಬರ ಬೆರೆಸಿ ತುಂಬಿ ಬೆರಳಲ್ಲಿ ಒತ್ತಿ. ಮೇಲೆ ಒಣ ಎಲೆ ಅಥವಾ ತೆಂಗಿನ ನಾರು ಮೂರು ಬೆರಳು ದಪ್ಪ ಹಾಸಿ, ಕಾಂಡಕ್ಕೆ ತಾಗದ ಹಾಗೆ. ಇನ್ನು ಮೇಲೆ ಬೆಳಿಗ್ಗೆ ನೀರು, ಈ ಬಿಸಿಲಲ್ಲಿ ಸಂಜೆ ಇನ್ನೊಂದು ಸಲ, ಎರಡು ಸಲವೂ ನಿಧಾನಕ್ಕೆ. ಹಿಂಡಿ ನೀರು ನಿಲ್ಲಿಸಿ. ಕಪ್ಪಾದ ಕಾಯಿ ಕಿತ್ತುಬಿಡಿ, ಅದು ಸರಿಹೋಗಲ್ಲ, ಸುಮ್ನೆ ಗಿಡದ ಶಕ್ತಿ ತಿನ್ನತ್ತೆ. ಹಣ್ಣಾಗೋ ಹಂತದಲ್ಲಿದ್ರೆ ಕಪ್ಪು ಭಾಗ ಕತ್ತರಿಸಿ ಉಳಿದಿದ್ದು ಅಡಿಗೆಗೆ ಬಳಸಬಹುದು.

ಮುಂದಿನ ಸಲ 15 ಇಂಚಿನ ಬ್ಯಾಗು, ಕೋಕೋಪೀಟ್ ಮೂರರಲ್ಲಿ ಒಂದು ಪಾಲು ಮೀರಬೇಡಿ.

ಯಲಹಂಕ ಉಪನಗರ:
15 ಇಂಚಿನ ಬ್ಯಾಗು ಅಂತ ಸಲೀಸಾಗಿ ಹೇಳ್ತೀರ. ಒದ್ದೆಯಾದ್ರೆ ಒಂದೊಂದು ಎಷ್ಟು ಭಾರ? ಹಳೇ ಕಟ್ಟಡ ಆದ್ರೆ ತಾರಸಿ ಏನಾಗಬೇಕು? ನಮ್ಮ ಮನೆಯಲ್ಲಿ ಸೀಲಿಂಗ್ ಒದ್ದೆ ಹಿಡಿದು ಕೆಳಗಿನ ಮನೆಯವರ ಜೊತೆ ಮಾತೇ ಬಿಟ್ಟಿದೆ.

ಕೆಂಪು ಮಣ್ಣು:
ಒಳ್ಳೇ ಪ್ರಶ್ನೆ. ನೀರು ಕುಡಿದ ದೊಡ್ಡ ಬ್ಯಾಗನ್ನ ಒಬ್ಬರೇ ಎತ್ತೋದು ಕಷ್ಟ, ಅಷ್ಟು ಭಾರ. ಹಾಗಾಗಿ ನಡು ತಾರಸಿಯಲ್ಲಿ ಗುಡ್ಡೆ ಹಾಕಬಾರದು, ಕೆಳಗೆ ಗೋಡೆ ಅಥವಾ ತೊಲೆ ಇರೋ ಸಾಲಲ್ಲಿ ಇಡಬೇಕು. ನೆಲಕ್ಕೆ ತಾಗಿಸದೆ ಕಬ್ಬಿಣದ ಸ್ಟ್ಯಾಂಡ್ ಅಥವಾ ಇಟ್ಟಿಗೆ ಮೇಲೆ ಇಟ್ಟರೆ ತಾರಸಿ ಒಣಗ್ತಿರತ್ತೆ. ಅನುಮಾನ ಇದ್ದವರು ಮೊದಲು ಎಂಜಿನಿಯರ್‌ಗೆ ತೋರಿಸಿ.

ಮಳೆಕೊಯ್ಲು:
ದಿನಕ್ಕೆರಡು ಸಲ ನೀರು ಅಂದ್ರೆ ಎಲ್ಲಿಂದ ತರೋದು? 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯೋ ನೀರನ್ನ ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5000 ರೂಪಾಯಿ ದಂಡ ಅಂತ ಆದೇಶ ಮಾಡಿದ್ದು ನೆನಪಿದೆಯಾ? ಬೇಸಿಗೆಯಲ್ಲಿ ಟೊಮೆಟೊ ಬೆಳೆಯೋದೇ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಆ ನೀರಲ್ಲಿ ಸೊಪ್ಪು ಬೆಳೀರಿ.

ಬಾಲ್ಕನಿ ಬೇಸಾಯ:
ಆರ್‌ಒ ಮಷೀನ್‌ನಿಂದ ಹೊರಗೆ ಬರೋ ನೀರು ಹಾಕ್ತೀನಿ ನಾನು.

ಮಳೆಕೊಯ್ಲು:
ಅದು ನೆಲ ಒರೆಸೋಕೆ, ಟಾಯ್ಲೆಟ್‌ಗೆ ಒಳ್ಳೇದು. ಬೋರ್‌ವೆಲ್ ನೀರಿಂದ ಬಂದಿದ್ರೆ ಅದರಲ್ಲಿ ಲವಣ ಇನ್ನೂ ದಟ್ಟ. ಬ್ಯಾಗಲ್ಲಿ ದಿನಾ ಹಾಕಿದ್ರೆ ಅಂಚಲ್ಲಿ ಬಿಳಿ ಪೊರೆ ಕೂತುಬಿಡತ್ತೆ. ಅಕ್ಕಿ, ತರಕಾರಿ ತೊಳೆದ ನೀರು ಹಾಕಿ, ಸೋಪು ಇಲ್ಲದೆ ಇರೋದು.

ಕೆಂಪು ಮಣ್ಣು:
ಇದನ್ನ ನಾನೂ ಬಲವಾಗಿ ಹೇಳ್ತೀನಿ. ಲವಣ ಜಾಸ್ತಿ ಆದ್ರೆ ಬೇರು ನೀರು ಎಳೆಯೋಕೆ ಕಷ್ಟ ಆಗತ್ತೆ, ತುದಿ ಕೊಳೆ ಇನ್ನೂ ಹೆಚ್ಚತ್ತೆ.

ಕೋಲಾರದ ಹುಡುಗ:
ಮಳೆಕೊಯ್ಲು ಅವರ ಮಾತು ಅರ್ಧ ಒಪ್ಪಿದೆ. ಬೆಂಗಳೂರಲ್ಲಿ ಮನೆಗೆ ಬೆಳೆಯೋರು ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಬೀಜ ಹಾಕಬೇಕು. ಡಿಸೆಂಬರ್ ಚಳಿಗೆ ಹೂವು ಚೆನ್ನಾಗಿ ಕಚ್ಚತ್ತೆ, ಜನವರಿ ಫೆಬ್ರವರಿಗೆ ಹಣ್ಣು. ನೀರೂ ಕಮ್ಮಿ ಸಾಕು. ಅಕ್ಕ ಈಗ ಹೂವು ಉದುರ್ತಿದೆ ಅಂದ್ರಲ್ಲ, ಅದಕ್ಕೆ ಯಾವ ಔಷಧಿನೂ ಹೊಡೀಬೇಡಿ, ಸೆಕೆ ಕಾರಣ.

ಹೆಸರಘಟ್ಟ ರಸ್ತೆ:
ಹೌದು. ಹಗಲು 32–35 ಡಿಗ್ರಿ ದಾಟಿ, ರಾತ್ರಿಯೂ 21–22ರ ಕೆಳಗೆ ಇಳಿಯದೆ ಹೋದ್ರೆ ಪರಾಗ ಸತ್ವ ಕಳ್ಕೊಳ್ಳತ್ತೆ, ಹೂವು ಉದುರತ್ತೆ. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ ಈಗ ಅದೇ ಹವೆ. ತಾರಸಿ ಸಿಮೆಂಟ್ ರಾತ್ರಿ ಹೊತ್ತು ಉಗುಳೋ ಕಾವು ಬೇರೆ. ಮಧ್ಯಾಹ್ನದ ಬಿಸಿಲಿಗೆ ಹಸಿರು ನೆಟ್ ಕಟ್ಟಿ, 50 ಪರ್ಸೆಂಟ್‌ನದು ಸಾಕು, ಬೆಳಗಿನ ಬಿಸಿಲು ಬೀಳೋ ಹಾಗೆ ಬಿಡಿ. ಮೇನಲ್ಲಿ ಮಳೆ ಬಿದ್ದು ತಂಪಾದ್ರೆ ಮತ್ತೆ ಕಚ್ಚತ್ತೆ.

ಆದ್ರೆ ಅಣ್ಣ, ರೋಮಾ ಪೊದೆ ಜಾತಿ. ಒಂದು ಎತ್ತರಕ್ಕೆ ಬಂದು ನಿಲ್ಲತ್ತೆ, ಹಣ್ಣು ಹೆಚ್ಚುಕಮ್ಮಿ ಒಟ್ಟಿಗೆ ಬರತ್ತೆ. ತೊಕ್ಕು ಮಾಡೋರಿಗೆ ಅದು ಅನುಕೂಲ. ಯೂಟ್ಯೂಬ್ ನೋಡಿ ಎಲೆ ಕಾಂಡ ಸೇರೋ ಕಡೆ ಬರೋ ಕಂಕುಳ ಚಿಗುರೆಲ್ಲ ಚಿವುಟಬೇಡಿ, ಇದರಲ್ಲಿ ಚಿವುಟಿದ್ರೆ ಹಣ್ಣೇ ಕಮ್ಮಿ ಆಗತ್ತೆ. ಮಣ್ಣಿಗೆ ತಾಗೋ ಕೆಳಗಿನ ಎಲೆ ತೆಗೆದ್ರೆ ಸಾಕು.

ಯಲಹಂಕ ಉಪನಗರ:
ಸ್ಯಾನ್ ಮಾರ್ಜಾನೋ ಹೇಗೆ? ಅದನ್ನೇ ಬೆಳೀಬೇಕು ಅಂತ ಮಗಳು ಹಟ ಮಾಡ್ತಿದ್ದಾಳೆ, ಪೀಟ್ಸಾ ಸಾಸ್‌ಗೆ.

ಹೆಸರಘಟ್ಟ ರಸ್ತೆ:
ಮೂಲ ಇಟಲಿಯ ನೇಪಲ್ಸ್ ಹತ್ತಿರ, ವೆಸೂವಿಯಸ್ ಜ್ವಾಲಾಮುಖಿಯ ಬೂದಿ ಮಣ್ಣಿನ ಬಯಲು. 1996ರಿಂದ ಅಲ್ಲಿ ಆ ಪ್ರದೇಶದಲ್ಲಿ ಬೆಳೆದ ಹಣ್ಣಿಗೆ ಯುರೋಪಿನ ಸ್ಥಳನಾಮ ರಕ್ಷಣೆ ಇದೆ. ಬೀಜ ಇಲ್ಲೂ ಹಾಕಬಹುದು, ರುಚಿ ಚೆನ್ನಾಗಿರತ್ತೆ. ಆದ್ರೆ ಅದು ಬಳ್ಳಿ ಹಾಗೆ ಬೆಳೀತಾನೇ ಹೋಗೋ ಜಾತಿ, ಆರಡಿ ಮೀರತ್ತೆ, ಗಟ್ಟಿ ಊರುಗೋಲು ಬೇಕು, ಕಂಕುಳ ಚಿಗುರು ಅದಕ್ಕೆ ಚಿವುಟಲೇಬೇಕು. ಕಾಯಿ ರೋಮಾಗಿಂತಲೂ ಉದ್ದ, ತುದಿ ಕೊಳೆ ಅದಕ್ಕೆ ಇನ್ನೂ ಬೇಗ ಬರತ್ತೆ. ಮೊದಲ ಸಲಕ್ಕೆ ನಾನು ಹೇಳಲ್ಲ. ಮಗಳಿಗಾಗಿ ಅಕ್ಟೋಬರ್‌ನಲ್ಲಿ ಒಂದೆರಡು ಗಿಡ ಹಾಕಿ ನೋಡಿ.

ಅಜ್ಜಿ ಕೈತೋಟ:
ಹೂವು ಬಿಟ್ಟಾಗ ಬೆಳಿಗ್ಗೆ ಗಿಡ ಮೆಲ್ಲಗೆ ಅಲ್ಲಾಡಿಸಬೇಕು. ಇದಕ್ಕೂ ಬೇಡ ಅಂತೀರೇನಪ್ಪಾ?

ಕೆಂಪು ಮಣ್ಣು:
ಇಲ್ಲಮ್ಮ, ಇದು ನೂರಕ್ಕೆ ನೂರು ಸರಿ. ಟೊಮೆಟೊ ಹೂವಲ್ಲಿ ಗಂಡು ಹೆಣ್ಣು ಎರಡೂ ಒಂದರಲ್ಲೇ, ಪರಾಗ ಅಲುಗಾಟಕ್ಕೆ ಉದುರಬೇಕು. ಜೇನುನೊಣಕ್ಕೆ ಇದು ಆಗಲ್ಲ. ಮರ ಕೊರೆಯೋ ದೊಡ್ಡ ಕಪ್ಪು ದುಂಬಿ, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಒಂಟಿ ದುಂಬಿ, ಇವು ಹೂವು ಹಿಡಿದು ರೆಕ್ಕೆಯ ಸ್ನಾಯು ನಡುಗಿಸ್ತವೆ, ಝೂಂ ಅಂತ ಕೇಳತ್ತೆ, ಪರಾಗ ಉದುರತ್ತೆ. ಮೂರನೇ ಮಹಡಿಗೆ ಅವು ಬರೋದು ಕಮ್ಮಿ. ಒಂಬತ್ತು ಹತ್ತರ ಹೊತ್ತಿಗೆ ಊರುಗೋಲಿಗೆ ಬೆರಳಲ್ಲಿ ತಟ್ಟಿದ್ರೆ ಸಾಕು.

ಅಜ್ಜಿ ಕೈತೋಟ:
ಹಾಗೆ ಹೇಳಿ.

ಮಲ್ಲೇಶ್ವರ ಅಡ್ಡರಸ್ತೆ:
ಇಷ್ಟೆಲ್ಲ ಮಾಡಿ ಹಣ್ಣಾದ ಮೇಲೆ ಕೋತಿ ಬಂದ್ರೆ? ನಮ್ಮ ಕಡೆ ಕೆಂಪಾಗೋ ಹಿಂದಿನ ದಿನವೇ ಹಿಂಡು ಬರತ್ತೆ. ಉಳಿದಿದ್ದು ಅಳಿಲಿಗೆ.

ಕೋಲಾರದ ಹುಡುಗ:
ತುದಿ ಸ್ವಲ್ಪ ಗುಲಾಬಿ ಬಣ್ಣಕ್ಕೆ ತಿರುಗಿದ ಕೂಡಲೇ ಕಿತ್ತು ಮನೆಯೊಳಗೆ ಇಡಿ, ನೆರಳಲ್ಲಿ. ಆ ಹಂತ ದಾಟಿದ ಹಣ್ಣು ಗಿಡದ ಹಂಗಿಲ್ಲದೆ ಹಣ್ಣಾಗತ್ತೆ, ರುಚಿ ಅಷ್ಟೇನೂ ಕೆಡಲ್ಲ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ.

ಮಲ್ಲೇಶ್ವರ ಅಡ್ಡರಸ್ತೆ:
ಇನ್ನೊಂದು, ನನ್ನ ಹಣ್ಣು ಕೆಂಪಾಗೋದೇ ಇಲ್ಲ, ತೊಟ್ಟಿನ ಸುತ್ತ ಭುಜದ ಹತ್ತಿರ ಹಳದಿಯಾಗೇ ಉಳಿಯತ್ತೆ. ಬೀಜದ ತಪ್ಪಾ?

ಹೆಸರಘಟ್ಟ ರಸ್ತೆ:
ಬಿಸಿಲಿನದು. ಕೆಂಪು ಬಣ್ಣ ಕೊಡೋ ಲೈಕೋಪೀನ್ 20ರಿಂದ 25 ಡಿಗ್ರಿಯಲ್ಲಿ ಚೆನ್ನಾಗಿ ಕಟ್ಟತ್ತೆ, 30 ದಾಟಿದ್ರೆ ಅದು ನಿಧಾನ ಆಗಿ ಹಳದಿ ಬಣ್ಣದ ಅಂಶ ಮೇಲುಗೈ ಆಗತ್ತೆ. ಎಲೆ ಜಾಸ್ತಿ ಕತ್ತರಿಸಿದ್ರೆ ಹಣ್ಣಿಗೆ ನೇರ ಬಿಸಿಲು ಬಿದ್ದು ಹೀಗಾಗತ್ತೆ. ಒಳಗಿಟ್ಟು ಹಣ್ಣು ಮಾಡಿ, ಬಣ್ಣ ಬರತ್ತೆ.

ಜೆಪಿ ನಗರ ಮಣ್ಣು:
ನನ್ನದೂ ಒಂದು ಪ್ರಶ್ನೆ ಸೇರಿಸ್ಲಾ? ಗಿಡ ನೆನ್ನೆ ಚೆನ್ನಾಗಿತ್ತು, ಇವತ್ತು ಪೂರ್ತಿ ಬಾಡಿ ನೇತಾಡ್ತಿದೆ. ಎಲೆ ಹಳದಿನೂ ಆಗಿಲ್ಲ. ನೀರು ಹಾಕಿದ್ರೂ ಏಳಲ್ಲ.

ಕೆಂಪು ಮಣ್ಣು:
ಬುಡದ ಹತ್ತಿರ ಕಾಂಡ ಕತ್ತರಿಸಿ, ತುಂಡನ್ನ ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮಾತ್ರ ಮುಳುಗೋ ಹಾಗೆ ಹಿಡೀರಿ, ಅಲುಗಾಡಿಸಬೇಡಿ. ಐದು ನಿಮಿಷದಲ್ಲಿ ಕತ್ತರಿಸಿದ ಕಡೆಯಿಂದ ಬಿಳಿ ಎಳೆ ಎಳೆಯಾಗಿ ಕೆಳಕ್ಕೆ ಇಳಿದ್ರೆ ದುಂಡಾಣು ಸೊರಗು ರೋಗ.

ಜೆಪಿ ನಗರ ಮಣ್ಣು:
ಮಾಡಿ ನೋಡಿದೆ. ಹಾಲಿನ ದಾರದ ಥರ ಇಳೀತು. ಇನ್ನೇನು ಮಾಡೋದು?

ಕೆಂಪು ಮಣ್ಣು:
ಆ ಗಿಡ ಉಳಿಯಲ್ಲ. ಬೇರು ಸಮೇತ ತೆಗೆದು ಕಸಕ್ಕೆ ಹಾಕಿ, ಕಾಂಪೋಸ್ಟ್‌ಗೆ ಬೇಡ. ಆ ಬ್ಯಾಗಿನ ಮಣ್ಣಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ, ಎಲ್ಲ ಒಂದೇ ಕುಟುಂಬ. ಸೊಪ್ಪು, ಬೀನ್ಸ್, ಈರುಳ್ಳಿ ಹಾಕ್ಕೋಬಹುದು. ಕತ್ತರಿಯನ್ನ ಸ್ಪಿರಿಟ್‌ನಲ್ಲಿ ಒರೆಸಿದ ಮೇಲೇ ಇನ್ನೊಂದು ಗಿಡಕ್ಕೆ ಮುಟ್ಟಿಸಿ. ಆ ಬ್ಯಾಗಿಂದ ಹರಿದ ನೀರು ಪಕ್ಕದ ಬ್ಯಾಗಿಗೆ ಹೋಗ್ತಿದ್ರೆ ಇವತ್ತೇ ದೂರ ಇಡಿ.

ಸೊಪ್ಪಿನ ಸಾರು:
ನೋಡಿ, ಅದಕ್ಕೇ ಹೇಳಿದ್ದು. ಇಷ್ಟು ರೋಗ, ಇಷ್ಟು ನೀರು. ಅಂಗಡಿಯಲ್ಲಿ ಕೆಜಿ ಇಪ್ಪತ್ತು ಮೂವತ್ತಕ್ಕೆ ಸಿಗುವಾಗ ಯಾಕೆ ಒದ್ದಾಟ.

ಕೋಲಾರದ ಹುಡುಗ:
2023ರ ಜುಲೈನಲ್ಲಿ ಕೆಜಿ ನೂರು ದಾಟಿತ್ತು, ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಎರಡು ಸಾವಿರದ ಮೇಲೆ ಹೋಗಿತ್ತು. ಬೆಲೆ ಬಿದ್ದ ವರ್ಷ ಕೊಯ್ಯೋ ಕೂಲಿ ಗಿಟ್ಟದೆ ರೈತರು ಹೊಲದಲ್ಲೇ ಬಿಟ್ಟುಬಿಡ್ತಾರೆ. ಇಪ್ಪತ್ತು ರೂಪಾಯಿ ಅಂತ ನೀವು ಹೇಳೋದ್ರ ಹಿಂದೆ ಯಾರದ್ದೋ ನಷ್ಟ ಇರತ್ತೆ. ಮನೇಲಿ ನಾಲ್ಕು ಗಿಡ ಬೆಳೆದೋರಿಗೆ ಮುಟುರು ರೋಗ ಅಂದ್ರೇನು, ಬಿಳಿ ನೊಣ ಅಂದ್ರೇನು ಗೊತ್ತಿರತ್ತೆ. ಅವರು ನಮ್ಮ ಹತ್ತಿರ ಚೌಕಾಸಿ ಮಾಡೋ ರೀತಿನೇ ಬೇರೆ. ಅಕ್ಕ ಬೆಳೀಲಿ ಬಿಡಿ.

ಸೊಪ್ಪಿನ ಸಾರು:
ರೈತರ ಬಗ್ಗೆ ನಾನು ಹಗುರವಾಗಿ ಮಾತಾಡಿಲ್ಲಪ್ಪ. ನಮ್ಮಪ್ಪನೂ ಮಾಗಡಿ ಕಡೆ ರಾಗಿ ಬೆಳೆದೋರೇ. ಬೇಸಿಗೆ ನೀರಿನ ಬಗ್ಗೆ ಮಾತ್ರ ನನ್ನ ಮಾತು ಅಲ್ಲೇ ಇದೆ.

ಬಾಲ್ಕನಿ ಬೇಸಾಯ:
ಬಿಳಿ ನೊಣಕ್ಕೆ ಏನು ಮಾಡೋದು ಹಾಗಾದ್ರೆ? ಹುಳಿ ಮಜ್ಜಿಗೆ ಹೊಡೀತಿದ್ದೀನಿ.

ಹೆಸರಘಟ್ಟ ರಸ್ತೆ:
ಹಳದಿ ಅಂಟು ಹಾಳೆ ಗಿಡದ ನೆತ್ತಿಯ ಮಟ್ಟಕ್ಕೆ ತೂಗುಹಾಕಿ. ಬೇವಿನೆಣ್ಣೆ ಲೀಟರ್ ನೀರಿಗೆ 3ರಿಂದ 5 ಮಿಲಿ, ಎರಡು ಹನಿ ಸೋಪಿನ ದ್ರಾವಣ ಹಾಕಿ ಚೆನ್ನಾಗಿ ಕಲಕಿ, ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೆ. ನೊಣ ಕೂರೋದು ಅಡಿಯಲ್ಲಿ, ಮೇಲಿಂದ ಹೊಡೆದ್ರೆ ಬರೀ ಖರ್ಚು. ಎಲ್ಲಕ್ಕಿಂತ ಮುಖ್ಯ ಸಸಿಯ ಹಂತ: ಟ್ರೇಗೆ ಸೊಳ್ಳೆ ಪರದೆ ಥರದ ಸಣ್ಣ ಕಣ್ಣಿನ ಬಲೆ ಮುಚ್ಚಿ ಬೆಳೆಸಿ. ಎಳೆಯದರಲ್ಲಿ ವೈರಸ್ ತಗುಲಿದ ಗಿಡ ಹಣ್ಣು ಕೊಡೋದು ತೀರ ಅಪರೂಪ. ನಾಟಿ ಮಾಡುವಾಗ ಕೆಳಗಿನ ಎಲೆ ತೆಗೆದು ಕಾಂಡ ಅರ್ಧ ಹೂಳಿ, ಹೂತ ಕಾಂಡದಿಂದಲೂ ಬೇರು ಬರತ್ತೆ.

ಎಲೆಯೊಳಗೆ ಬಿಳಿ ಮಚ್ಚೆಯ ಹಾಗೆ ಕೊರೆದಿದ್ರೆ, ಕಾಯಿಗೆ ಸೂಜಿ ಚುಚ್ಚಿದಂಥ ತೂತಿದ್ರೆ ಅದು ಟೂಟಾ ಹುಳ. ದಕ್ಷಿಣ ಅಮೆರಿಕದ್ದು, ಭಾರತದಲ್ಲಿ 2014ರಲ್ಲಿ ಕಾಣಿಸಿಕೊಂಡಿತು. ಆ ಎಲೆ ಕಿತ್ತು ಸುಡಿ, ಅದರ ಗಂಡು ಪತಂಗವನ್ನ ವಾಸನೆಯಿಂದ ಸೆಳೆದು ಹಿಡಿಯೋ ಮೋಹಕ ಬಲೆ ಬೀಜದ ಅಂಗಡಿಯಲ್ಲಿ ಕೇಳಿ.

ಬನಶಂಕರಿ ತಾರಸಿ:
ಎಲ್ಲ ಬ್ಯಾಗೂ ಟಬ್‌ನಲ್ಲಿಟ್ಟು ನೆನೆಸಿದೆ, ಎಲೆ ಹಾಸಿದೆ, ನೆಟ್ ಕಟ್ಟಿಸಿದೆ. ಮಳೆಕೊಯ್ಲು ಅವರ ಮಾತೂ ಮನಸ್ಸಿಗೆ ತಾಗಿತು. ಎಲೆ ಹಾಸಿದ ಮೇಲೆ ಸಂಜೆ ಹೊತ್ತಿಗೂ ಮಣ್ಣು ತಣ್ಣಗೇ ಇರೋದ್ರಿಂದ ಎರಡನೇ ಸಲ ಅರ್ಧದಷ್ಟು ನೀರು ಸಾಕಾಗ್ತಿದೆ, ಅದು ಪೂರ್ತಿ ಅಡಿಗೆಮನೆಯಲ್ಲಿ ತೊಳೆದ ನೀರೇ. ಹೊಸದಾಗಿ ಕಚ್ಚಿದ ಕಾಯಿಗಳ ತುದಿ ಸದ್ಯಕ್ಕೆ ಹಸಿರಾಗೇ ಇವೆ. ಹಳೇ ಗೊಂಚಲಲ್ಲಿ ಉಳಿದಿದ್ದ ಕೆಲವು ಹಣ್ಣು ಸಿಕ್ಕಿವೆ. ಬೀಜ ಉಳಿಸೋದು ಹೇಗೆ ಯಾರಾದ್ರೂ ಹೇಳಿ.

ಅಜ್ಜಿ ಕೈತೋಟ:
ತುಂಬ ಚೆನ್ನಾಗಿರೋ ಗಿಡದ ಹಣ್ಣು ಆರಿಸ್ಕೋ, ಮೊದಲು ಬಂದಿದ್ದು ಅಂತ ಯಾವುದೋ ಒಂದು ಬೇಡ. ಲೋಳೆ ಸಮೇತ ಬೀಜ ಲೋಟಕ್ಕೆ ಹಿಂಡಿ ಎರಡು ದಿನ ಬಿಡಮ್ಮ, ಮೇಲೆ ಬೂಷ್ಟು ಕಟ್ಟತ್ತೆ, ವಾಸನೆನೂ ಬರತ್ತೆ. ಆಮೇಲೆ ನೀರು ಹಾಕಿ ಕಲಕಿದ್ರೆ ಜೊಳ್ಳು ತೇಲತ್ತೆ, ಗಟ್ಟಿ ಬೀಜ ತಳಕ್ಕೆ ಕೂರತ್ತೆ. ತೊಳೆದು ತಟ್ಟೆ ಮೇಲೆ ನೆರಳಲ್ಲಿ ಒಣಗಿಸು. ಪೇಪರ್ ಮೇಲೆ ಹಾಕ್ಬೇಡ, ಅಂಟಿಕೊಳ್ಳತ್ತೆ. ಒಣಗಿದ ಮೇಲೆ ಬೂದಿ ಸವರಿ ಡಬ್ಬಿಗೆ ಹಾಕಿಟ್ಟರೆ ಅಕ್ಟೋಬರ್‌ಗೆ ಚೆನ್ನಾಗಿ ಹುಟ್ಟತ್ತೆ.

ಹೆಸರಘಟ್ಟ ರಸ್ತೆ:
ಅಮ್ಮ ಹೇಳಿದ್ದೇ ಸರಿಯಾದ ಕ್ರಮ. ಆ ಲೋಳೆಯಲ್ಲಿ ಮೊಳಕೆ ತಡೆಯೋ ಅಂಶ ಇರತ್ತೆ, ಹುಳಿ ಬಂದಾಗ ಅದು ಹೋಗತ್ತೆ.

ಯಲಹಂಕ ಉಪನಗರ:
ತೊಕ್ಕಿನ ಅಳತೆ ಹಾಕಿ ಮೇಡಂ, ಅಷ್ಟು ಹೊಗಳಿದ್ದೀರ.

ಬನಶಂಕರಿ ತಾರಸಿ:
ಒಂದು ಕೆಜಿ ರೋಮಾಗೆ ನಿಂಬೆ ಗಾತ್ರದ ಹುಣಸೆಹಣ್ಣು, ಎಳ್ಳೆಣ್ಣೆ ಒಂದು ಲೋಟಕ್ಕೆ ಸ್ವಲ್ಪ ಕಮ್ಮಿ, ಅಚ್ಚ ಖಾರದ ಪುಡಿ ಮೂರು ದೊಡ್ಡ ಚಮಚ, ಹುರಿದು ಪುಡಿ ಮಾಡಿದ ಮೆಂತ್ಯ ಒಂದು ಚಿಕ್ಕ ಚಮಚ, ಸಾಸಿವೆ, ಇಂಗು, ಉಪ್ಪು ರುಚಿಗೆ. ಟೊಮೆಟೊ ಹೆಚ್ಚಿ ಹುಣಸೆ ಜೊತೆ ಎಣ್ಣೆಯಲ್ಲಿ ಬಾಡಿಸಿ, ಆರಿದ ಮೇಲೆ ರುಬ್ಬಿ, ಮತ್ತೆ ಬಾಣಲೆಗೆ ಹಾಕಿ ಎಣ್ಣೆ ಅಂಚು ಬಿಡೋವರೆಗೆ ಕೈಯಾಡಿಸಿ. ಸಿಡಿಯತ್ತೆ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ಮೆಂತ್ಯ ಕೊನೆಗೆ, ಇಳಿಸೋ ಮುಂಚೆ, ಇಲ್ಲಾಂದ್ರೆ ಕಹಿ.

ಬಾಲ್ಕನಿ ಬೇಸಾಯ:
ಉದ್ದಕ್ಕೆ ಸೀಳಿ ಉಪ್ಪು ಸವರಿ ತಾರಸಿಯಲ್ಲಿ ಒಣಗಿಸಿ, ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಮುಳುಗಿಸಿ ಇಟ್ಟರೆ ಹೊರಗೇ ಉಳಿಯತ್ತಾ?

ಹೆಸರಘಟ್ಟ ರಸ್ತೆ:
ಹೊರಗೆ ಇಡಬೇಡಿ. ಗಾಳಿಯಾಡದ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಸೇರಿದ್ರೆ ಕಣ್ಣಿಗೆ ಕಾಣದೆ, ವಾಸನೆನೂ ಬರದೆ ವಿಷ ಆಗೋ ಅಪಾಯ ಇದೆ. ಬೆಳ್ಳುಳ್ಳಿ ಹಾಕದೆ, ಪೂರ್ತಿ ಗರಿಗರಿ ಒಣಗಿಸಿ, ಎಣ್ಣೆ ಇಲ್ಲದೆ ಗಾಜಿನ ಭರಣಿಯಲ್ಲಿಡಿ. ಬೇಕಾದಾಗ ಬಿಸಿನೀರಲ್ಲಿ ನೆನೆಸ್ಕೊಳ್ಳಿ. ಎಣ್ಣೆಯಲ್ಲೇ ಬೇಕು ಅಂದ್ರೆ ಫ್ರಿಜ್‌ನಲ್ಲಿಟ್ಟು ಕೆಲವೇ ದಿನದಲ್ಲಿ ಮುಗಿಸಿ.